ಅಪ್ಪ-ಅವ್ವನ ಮದುವೆಯ ಐವತ್ತನೆಯ ವರ್ಷದ ಊಟ ಹೀಗಾಯಿತು: ರೆಸಾರ್ಟಿನವರಿಗೆ ಏನೆಂದು ಬರೆಯಲಿ?

ಬೆಟ್ಟದ ನೆಲ್ಲಿ
13 ಮೇ 2025

ಮೊನ್ನೆ ಮೇ 11ಕ್ಕೆ ನನ್ನ ಅಪ್ಪ-ಅವ್ವನ ಮದುವೆಯಾಗಿ ಐವತ್ತು ವರ್ಷ ತುಂಬಿತು. 1975ರ ಮೇ 11 ಕೂಡ ಭಾನುವಾರವೇ ಆಗಿತ್ತು. ವಾರವೂ ತಾರೀಕೂ ಕೂಡಿ ಬಂದಿದೆ ಎಂದು ಅಪ್ಪ ಒಂದು ತಿಂಗಳಿಂದ ಮನೆಗೆ ಬಂದವರಿಗೆಲ್ಲ ಹಳೆಯ ಲಗ್ನಪತ್ರಿಕೆಯನ್ನು ಪೆಟ್ಟಿಗೆಯಿಂದ ತೆಗೆದು ತೋರಿಸುತ್ತಿದ್ದರು. ನಮ್ಮದು ಕೊಡಗಿನ ಚೇರಂಬಾಣೆಯ ಕಡೆ ಸಣ್ಣ ಕಾಫಿ ತೋಟ. ನಾನು ಕುಶಾಲನಗರದಲ್ಲಿ ಶಿಕ್ಷಕಿ, ಅಣ್ಣ ಬೆಂಗಳೂರಿನಲ್ಲಿದ್ದಾನೆ. ಇಬ್ಬರೂ ಸೇರಿ ಹಣ ಹಾಕಿ ಒಂದು ದೊಡ್ಡ ರೆಸಾರ್ಟಿನ ರೆಸ್ಟೋರೆಂಟಿನಲ್ಲಿ ಊಟ ಏರ್ಪಾಡು ಮಾಡಿದೆವು. ಹೆಸರು ಬರೆಯುವುದಿಲ್ಲ. ಒಂದು ರಾತ್ರಿಯ ಬಾಡಿಗೆಯೇ ಹದಿನೈದು ಸಾವಿರ ದಾಟುವ ಜಾಗ ಎಂದರೆ ಸಾಕು.

ಏಪ್ರಿಲ್ ಮೂರನೆಯ ವಾರ ನಾನೇ ಹೋಗಿ, ಬುಕಿಂಗ್ ನೋಡಿಕೊಳ್ಳುವವರ ಎದುರು ಕುಳಿತು ಮಾತನಾಡಿದ್ದೆ. ಹದಿನಾಲ್ಕು ಜನ, ಮಧ್ಯಾಹ್ನ ಹನ್ನೆರಡೂವರೆ. ಅಪ್ಪನಿಗೆ ಎಪ್ಪತ್ತಾರು ವರ್ಷ, ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ, ಕೋಲು ಹಿಡಿದು ನಡೆಯುತ್ತಾರೆ. ಆದ್ದರಿಂದ ಮೆಟ್ಟಿಲು ಹತ್ತದಂತೆ ಕೆಳಗಡೆಯೇ ಮೇಜು ಬೇಕು ಎಂದೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಒಂದು ಗಂಟೆಯೊಳಗೆ ಊಟ ಬರಲೇಬೇಕು ಎಂದೆ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ನೂಲ್ಪುಟ್ಟು (ಅಕ್ಕಿ ಶಾವಿಗೆ), ಪಂದಿಕರಿ (ಹಂದಿ ಮಾಂಸದ ಕರಿ), ಕೋಳಿಕರಿ, ಕಾಡುಮಾವಿನ ಹಣ್ಣಿನ ಕರಿ, ಊಟದ ಮೇಲೆ ಅವ್ವನಿಗೆ ಬೆಲ್ಲದ ಕಾಫಿ. ಪಂದಿಕರಿಗೆ ನಮ್ಮ ಕಡೆಯ ಹುಳಿ ಕಾಚಂಪುಳಿಯನ್ನೇ ಹಾಕುತ್ತೀರಲ್ಲವೇ ಎಂದು ಎರಡು ಸಲ ಕೇಳಿದೆ. ‘ಕಾಚಂಪುಳಿ ಇಲ್ಲದೆ ಪಂದಿಕರಿ ಉಂಟೇ ಮೇಡಂ’ ಎಂದರು. ತಲೆಗೆ 1,800 ರೂಪಾಯಿ ಎಂದು ಮಾತಾಯಿತು. ಹತ್ತು ಸಾವಿರ ಮುಂಗಡ ಕೊಟ್ಟೆ. ಅಂದೇ ಸಂಜೆ ಈ ಎಲ್ಲವನ್ನೂ ಅವರು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿದರು. ಆ ಸಂದೇಶ ನನ್ನ ಬಳಿ ಇದೆ.

ಹನ್ನೆರಡು ಇಪ್ಪತ್ತಕ್ಕೆ ತಲುಪಿದೆವು. ಕೆಳಗಿನ ಮೇಜು ಬೇರೆ ಗುಂಪಿಗೆ ಹೋಗಿದೆ, ನಿಮಗೆ ಮೇಲೆ ಹಾಕಿದ್ದೇವೆ, ಅಲ್ಲಿಂದ ನೋಟ ಚೆನ್ನಾಗಿದೆ ಎಂದರು. ಸಂದೇಶ ತೋರಿಸಿದೆ. ಅದನ್ನು ಕಳಿಸಿದವರಿಗೆ ಅಂದು ರಜೆ ಎಂಬ ಉತ್ತರ ಬಂತು. ನಾನು ವಾದಿಸುವುದನ್ನು ಕಂಡು ಅಪ್ಪ, ‘ಹತ್ತುತ್ತೇನೆ ಬಿಡು’ ಎಂದು ಕೋಲು ಊರಿ ಹೊರಟೇ ಬಿಟ್ಟರು. ಇಪ್ಪತ್ತೆರಡು ಮೆಟ್ಟಿಲು. ಮೂರು ಕಡೆ ನಿಂತು ಉಸಿರು ತೆಗೆದುಕೊಂಡರು. ಅಣ್ಣ ಬೆನ್ನಿಗೆ ಕೈ ಕೊಟ್ಟು ಹಿಂದೆಯೇ ಹತ್ತಿದ.

ಊಟ ಮೇಜಿಗೆ ಬಂದಾಗ ಒಂದು ಐವತ್ತು. ಕುಳಿತು ಒಂದು ಗಂಟೆಯ ಮೇಲಾಗಿತ್ತು. ಅಷ್ಟರಲ್ಲಿ ಅಪ್ಪನ ಕೈ ನಡುಗತೊಡಗಿ, ಚಿಕ್ಕಮ್ಮನ ಚೀಲದಲ್ಲಿದ್ದ ಎರಡು ಬಿಸ್ಕತ್ತು ಕೊಟ್ಟು ಸುಧಾರಿಸಿದೆವು. ಮೂರು ಸಲ ಎದ್ದು ಹೋಗಿ ಕೇಳಿದೆ. ಮೂರು ಸಲವೂ ‘ಐದು ನಿಮಿಷ’ ಎಂದರು. ಇದನ್ನೆಲ್ಲ ನಾನು ನುಂಗಿಕೊಳ್ಳುತ್ತಿದ್ದೆ. ರಜೆಯ ದಿನ, ಜನ ತುಂಬಿದ್ದರು, ಬಡಿಸುವ ಹುಡುಗರು ಓಡಿ ಓಡಿ ಬೆವರಿದ್ದರು.

ನುಂಗಲಾಗದ್ದು ಆಮೇಲೆ ನಡೆದದ್ದು. ಅವ್ವ ಕಡಂಬುಟ್ಟು ಮುರಿದು ಪಂದಿಕರಿಯ ರಸದಲ್ಲಿ ಅದ್ದಿ ಬಾಯಿಗಿಟ್ಟು ಸುಮ್ಮನಾದರು. ಇನ್ನೊಂದು ತುಂಡು ಅದ್ದಿ ನೋಡಿದರು. ಬಳಿಕ ಮೆಲ್ಲಗೆ, ‘ಇದು ಕಾಚಂಪುಳಿ ಅಲ್ಲ ಮಗಳೇ, ವಿನೆಗರ್’ ಎಂದರು. ಕೊಡಗಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರು ಓದುತ್ತಿದ್ದರೆ ತಿಳಿಯಲಿ ಎಂದು ಹೇಳುತ್ತೇನೆ. ಕಾಚಂಪುಳಿ ಎಂದರೆ ಪಣಪುಳಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಗೆ, ಜೇನಿನಂತೆ ಮಂದವಾಗಿಸಿದ ಹುಳಿ. ಮಲೆನಾಡಿನ ಕಡೆ ಉಪ್ಪಾಗೆ ಎನ್ನುವುದು ಇದೇ ಹಣ್ಣನ್ನು. ಹುರಿದ ಮಸಾಲೆಯೂ ಕೊನೆಯಲ್ಲಿ ಹಾಕಿದ ಕಾಚಂಪುಳಿಯೂ ಸೇರಿ ಪಂದಿಕರಿಗೆ ಆ ಕಡುಕಪ್ಪು ಬಣ್ಣ ಬರುತ್ತದೆ. ಅದರ ಹುಳಿ ನಾಲಗೆಯ ಹಿಂಭಾಗಕ್ಕೆ ಇಳಿದು ನಿಲ್ಲುತ್ತದೆ. ವಿನೆಗರ್ ಮೊದಲು ಮೂಗಿಗೆ ಹೊಡೆಯುತ್ತದೆ. ನಮ್ಮ ಮೇಜಿನ ಮೇಲಿದ್ದ ಕರಿ ಇಟ್ಟಿಗೆಯ ಬಣ್ಣದ್ದು.

ನನ್ನ ಅವ್ವ ಐವತ್ತು ಮಳೆಗಾಲ ತಮ್ಮ ಕೈಯಿಂದ ಕಾಚಂಪುಳಿ ಕಾಯಿಸಿದವರು. ಅವರು ಜಗಳವಾಡಲಿಲ್ಲ. ಬಡಿಸುವವರ ಮೇಲ್ವಿಚಾರಕ, ಅಂದರೆ ಕ್ಯಾಪ್ಟನ್, ಹತ್ತಿರ ಬಂದಾಗ, ‘ಕಾಚಂಪುಳಿ ಮುಗಿದಿತ್ತೇನಪ್ಪ?’ ಎಂದು ಕೇಳಿದರು. ಮನೆಗೆ ಬಂದ ಹುಡುಗನನ್ನು ಕೇಳುವ ದನಿಯಲ್ಲೇ ಕೇಳಿದರು. ಆತ ಅವ್ವನ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿ, ‘ನಮ್ಮ ಶೆಫ್ ಮಾಡುವುದು ಅಸಲಿ ಕೂರ್ಗ್ ಪಂದಿಕರಿ. ಎಲ್ಲ ಅತಿಥಿಗಳೂ ಮೆಚ್ಚುತ್ತಾರೆ. ಅವರಿಗೆ ಗೊತ್ತಿಲ್ಲದಿರಬಹುದು’ ಎಂದ.

ಹದಿನಾಲ್ಕು ಜನರೂ ಕೇಳಿಸಿಕೊಂಡೆವು. ಅವ್ವನಿಗೂ ಕೇಳಿಸಿತು. ನಾನು ಏನು ಹೇಳಿದೆ ಎಂಬುದು ನನಗೇ ಸರಿಯಾಗಿ ನೆನಪಿಲ್ಲ. ಅವ್ವ ನನ್ನ ಮೊಣಕೈ ಹಿಡಿದು ಕೂರಿಸಿದ್ದು ನೆನಪಿದೆ.

ಎರಡೂ ಮುಕ್ಕಾಲಿಗೆ ತಟ್ಟೆ ತೆಗೆಯಲು ಬಂದರು. ಮೂರು ಗಂಟೆಗೆ ಈ ಮೇಜಿಗೆ ಮುಂದಿನ ಗುಂಪು ಬರುತ್ತದಂತೆ. ಅವ್ವನ ಕೈಯಲ್ಲಿ ಇನ್ನೂ ಅರ್ಧ ಕಡಂಬುಟ್ಟು ಇತ್ತು. ತಟ್ಟೆಗೆ ಕೈಯಿಟ್ಟ ಚಿಕ್ಕ ಹುಡುಗ ಅದನ್ನು ಕಂಡು ನಿಂತ, ಕ್ಯಾಪ್ಟನ್ ಕಣ್ಣಲ್ಲೇ ಸೂಚಿಸಿದ. ಅವ್ವ ತಾವೇ ತಟ್ಟೆಯನ್ನು ಮುಂದೆ ಸರಿಸಿದರು. ಬೆಲ್ಲದ ಕಾಫಿಯನ್ನು ಕೆಳಗೆ ಲಾಬಿಯಲ್ಲಿ ಕೊಡುತ್ತೇವೆ ಎಂದರು. ಅಲ್ಲಿ ಹತ್ತು ನಿಮಿಷ ಕುಳಿತೆವು, ಯಾರೂ ಬರಲಿಲ್ಲ, ಎದ್ದು ಬಂದೆವು.

ಬಿಲ್ಲು: ಊಟಕ್ಕೆ 25,200, ಸೇವಾ ಶುಲ್ಕ ಶೇ 10ರಂತೆ 2,520, ಅದರ ಮೇಲೆ ಶೇ 18 ಜಿಎಸ್‌ಟಿ 4,989 ರೂಪಾಯಿ 60 ಪೈಸೆ. ಒಟ್ಟು 32,710. ಮುಂಗಡ ಕಳೆದು 22,710 ಕೊಟ್ಟೆ. ಆ ಹೊತ್ತಿಗೆ ಅಪ್ಪ ಕಾರಿನಲ್ಲಿ ಕುಳಿತಿದ್ದರು, ನನಗೆ ಅಲ್ಲಿಂದ ಹೊರಟರೆ ಸಾಕಾಗಿತ್ತು.

ದಾರಿಯಲ್ಲಿ ಅವ್ವ, ‘ಜಾಗ ಚೆನ್ನಾಗಿತ್ತು’ ಎಂದರು. ರಾತ್ರಿ ಒಲೆಯ ಮುಂದೆ ಕುಳಿತಿದ್ದವರು ಇದ್ದಕ್ಕಿದ್ದಂತೆ, ‘ನನಗೆ ಗೊತ್ತಿಲ್ಲವಂತೆ’ ಎಂದರು. ಒಂದೇ ಸಲ. ಮತ್ತೆ ಆ ಮಾತು ಎತ್ತಿಲ್ಲ. ನನಗೆ ಎರಡು ದಿನದಿಂದ ಅದೇ ಕಿವಿಯಲ್ಲಿದೆ.

ತಿಳಿದವರು ಹೇಳಿ. ಯಾರಿಗೆ ಬರೆಯಬೇಕು, ಹೇಗೆ ಬರೆಯಬೇಕು? ಸೇವಾ ಶುಲ್ಕ ಹಾಕಿದ್ದು ಸರಿಯೇ? ಬಡಿಸುವ ಹುಡುಗರ ಕೆಲಸಕ್ಕೆ ಕುತ್ತು ಬರಬಾರದು, ಅದು ಹೇಗೆ? ನನಗೆ ಬೇಕಾಗಿರುವುದು ಊಟದ ಹಣವಲ್ಲ. ನನ್ನ ಅವ್ವನಿಗೆ, ನನಗಲ್ಲ, ಅವರು ತಪ್ಪಾಯಿತು ಎಂದು ಹೇಳಬೇಕು. ಹಾಗೆ ಕೇಳಲು ಬರುತ್ತದೆಯೇ?

ವಿರಾಜಪೇಟೆ ವಕೀಲ
13 ಮೇ 2025

ಸೋದರಿ, ಓದಿ ಬೇಸರವಾಯಿತು. ಕಾನೂನಿನ ಭಾಗವನ್ನು ಮಾತ್ರ ಹೇಳುತ್ತೇನೆ.

ಸೇವಾ ಶುಲ್ಕ ಸರಿಯಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಂತೆ ಹೋಟೆಲು, ರೆಸ್ಟೋರೆಂಟುಗಳು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ವಸೂಲಿ ಮಾಡುವಂತಿಲ್ಲ. ಹೋಟೆಲುಗಳ ಸಂಘಗಳು ಇದನ್ನು ಪ್ರಶ್ನಿಸಿದ್ದವು. ಇದೇ ವರ್ಷ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಮಾರ್ಗಸೂಚಿಯನ್ನು ಎತ್ತಿ ಹಿಡಿದಿದೆ. ಕೊಡುವುದು ಬಿಡುವುದು ಗ್ರಾಹಕರ ಇಚ್ಛೆ. ನೀವು ಕೊಟ್ಟು ಬಂದಿದ್ದರೂ ವಾಪಸ್ ಕೇಳಬಹುದು. ಕೇಳುವಾಗ 2,520 ಮಾತ್ರ ಕೇಳಬೇಡಿ. ಅದರ ಮೇಲೆ ಕಟ್ಟಿದ ತೆರಿಗೆ 453 ರೂಪಾಯಿ 60 ಪೈಸೆಯೂ ಸೇರಿ 2,973 ರೂಪಾಯಿ 60 ಪೈಸೆ ಆಗುತ್ತದೆ. ಶೇ 18ರ ದರದಲ್ಲಿ ತಪ್ಪಿಲ್ಲ. ಕೊಠಡಿ ಬಾಡಿಗೆ ದಿನಕ್ಕೆ 7,500 ದಾಟುವ ಇಂಥ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ ಆ ದರವೇ ಬೀಳುತ್ತದೆ. ಪೇಟೆಯ ಸಾಮಾನ್ಯ ಹೋಟೆಲಿಗೆ ಶೇ 5.

ಉಳಿದದ್ದರಲ್ಲಿ ನಿಮ್ಮ ಕೈಯಲ್ಲಿರುವ ಗಟ್ಟಿ ದಾಖಲೆ ಆ ವಾಟ್ಸ್ಆ್ಯಪ್ ಸಂದೇಶ. ಮೇಜು ಎಲ್ಲಿ, ಊಟ ಎಷ್ಟು ಹೊತ್ತಿಗೆ ಎಂದು ಬರೆದು ಕೊಟ್ಟು, ಮುಂಗಡ ಪಡೆದು, ಅದರಂತೆ ನಡೆಯದಿದ್ದರೆ ಅದು ಸೇವಾ ನ್ಯೂನತೆ. ಕಾಚಂಪುಳಿಯ ವಿಷಯದಲ್ಲಿ ನಿಮ್ಮ ತಾಯಿಯ ನಾಲಗೆಯನ್ನು ನಾನು ನಂಬುತ್ತೇನೆ, ಆದರೆ ಗ್ರಾಹಕ ಆಯೋಗದ ಮುಂದೆ ರುಚಿಯನ್ನು ಸಾಬೀತು ಮಾಡುವುದು ಕಷ್ಟ. ಫೋಟೋ ಇದ್ದರೆ ತೆಗೆದಿಡಿ.

ಮೊದಲು ಲಿಖಿತವಾಗಿ ದೂರು ಕೊಟ್ಟು ಹದಿನೈದು ದಿನ ಕಾಯಿರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಹಳಷ್ಟು ಇಂಥ ವ್ಯವಹಾರ ಅಲ್ಲಿಗೇ ಮುಗಿಯುತ್ತದೆ. ಅದೂ ಆಗದಿದ್ದರೆ ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಕಾಲಾವಕಾಶ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ತಾಯಿಯವರಿಗೆ ಕ್ಷಮೆ ಕೇಳಬೇಕು ಎಂಬುದನ್ನು ದೂರಿನಲ್ಲಿ ಧಾರಾಳವಾಗಿ ಬರೆಯಬಹುದು. ಅವರು ಕೇಳುತ್ತಾರೋ ಇಲ್ಲವೋ ಎಂಬುದು ಅವರ ಸಂಸ್ಕಾರಕ್ಕೆ ಬಿಟ್ಟದ್ದು.

ಅಡುಗೆಮನೆ ಬಾಗಿಲು
14 ಮೇ 2025

ನಾನು ಕೊಡಗಿನದೇ ಒಂದು ರೆಸಾರ್ಟಿನಲ್ಲಿ (ನೀವು ಹೋದದ್ದಲ್ಲ ಎಂದುಕೊಳ್ಳುತ್ತೇನೆ) ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಸ್ಟೀವರ್ಡ್ ಆಗಿ ಸೇರಿದವನು, ಈಗ ಕ್ಯಾಪ್ಟನ್. ನಿಮ್ಮ ಬರಹದಲ್ಲಿ ಕ್ಯಾಪ್ಟನ್ ಆಡಿದ ಮಾತನ್ನು ಓದಿ ನನಗೆ ನಾಚಿಕೆಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಅಂದು ಭಾನುವಾರ, ಬೇಸಿಗೆ ರಜೆ, ಅದರ ಮೇಲೆ ತಾಯಂದಿರ ದಿನ. ಮೂರೂ ಒಂದೇ ದಿನ ಬಿದ್ದಿತ್ತು. ನಮ್ಮಲ್ಲೂ ಮೇಜುಗಳನ್ನು ಎರಡೆರಡು ಪಾಳಿಗೆ ಕೊಟ್ಟಿದ್ದರು. ನಿಮಗೆ ಆದದ್ದು ಬಹುಶಃ ಹೀಗೆ: ಬುಕಿಂಗ್ ಮಾಡಿದವರು ಎಲ್ಲವನ್ನೂ ತಮ್ಮ ಫೋನಿನಲ್ಲಿ ಬರೆದುಕೊಂಡರು, ಅಡುಗೆಮನೆಗೂ ನಮ್ಮಂಥವರಿಗೂ ಬರುವ ಹಾಳೆಯಲ್ಲಿ ‘14 ಜನ, 12.30, ಕೂರ್ಗ್ ಊಟ’ ಎಂದಷ್ಟೇ ಇತ್ತು. ಮಂಡಿ ನೋವು, ಸಕ್ಕರೆ ಕಾಯಿಲೆ, ಕಾಚಂಪುಳಿ ಯಾವುದೂ ಇಳಿದು ಬರಲಿಲ್ಲ. ಇದು ನೆಪವಲ್ಲ, ಅವರ ತಪ್ಪೇ. ಆದರೆ ತಪ್ಪು ಎಲ್ಲಿ ಎಂದು ಗೊತ್ತಿದ್ದರೆ ಪತ್ರವನ್ನು ಸರಿಯಾದ ಜಾಗಕ್ಕೆ ಬರೆಯಬಹುದು.

ಪತ್ರ ಜನರಲ್ ಮ್ಯಾನೇಜರ್ ಹೆಸರಿಗೆ ಇರಲಿ, ಇ-ಮೇಲ್ ಜೊತೆಗೆ ಅಂಚೆಯಲ್ಲೂ ಹೋಗಲಿ. ಬಿಲ್ ಸಂಖ್ಯೆ, ಮೇಜಿನ ಸಂಖ್ಯೆ ಬರೆಯಿರಿ. ಊಟ ತಡವಾಯಿತು ಎನ್ನುವುದಕ್ಕೆ ಸಾಕ್ಷಿ ಅವರ ಬಳಿಯೇ ಇದೆ. ನಾವು ಅಡುಗೆಮನೆಗೆ ಕಳಿಸುವ ಕೆಒಟಿ ಚೀಟಿಯಲ್ಲಿ ಸಮಯ ಅಚ್ಚಾಗಿರುತ್ತದೆ. ‘ನಿಮ್ಮ ಕೆಒಟಿ ತೆಗೆದು ನೋಡಿ’ ಎಂದು ಒಂದು ಸಾಲು ಬರೆದರೆ ನೀವು ಸುಮ್ಮನೆ ದೂರುತ್ತಿಲ್ಲ ಎಂದು ಅವರಿಗೆ ತಿಳಿಯುತ್ತದೆ.

ಹುಡುಗರ ಬಗ್ಗೆ ನೀವು ಯೋಚಿಸಿದ್ದಕ್ಕೆ ಕೈ ಮುಗಿಯುತ್ತೇನೆ. ಅವರಲ್ಲಿ ಹಲವರು ಅಸ್ಸಾಂ, ಒಡಿಶಾದಿಂದ ಬಂದವರು; ಊಟದ ಹೊತ್ತು ಮುಗಿಯುವವರೆಗೆ ತಾವು ಉಣ್ಣುವುದಿಲ್ಲ. ಪತ್ರದಲ್ಲಿ, ‘ಬಡಿಸಿದ ಹುಡುಗರ ಮೇಲೆ ದೂರಿಲ್ಲ, ಅವರು ಸೌಜನ್ಯದಿಂದಲೇ ಇದ್ದರು’ ಎಂದು ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ಏಟು ಮೊದಲು ಬೀಳುವುದು ಅವರಿಗೇ.

ಕಾಚಂಪುಳಿಯ ಮಾತು. ಒಳ್ಳೆಯದು ದುಬಾರಿ, ಬೇಕೆಂದಾಗ ಸಿಗುವುದೂ ಇಲ್ಲ. ಮುಗಿದಾಗ ಕೆಲವು ಅಡುಗೆಮನೆಗಳಲ್ಲಿ ವಿನೆಗರ್ ಅಥವಾ ಹುಣಸೆಹುಳಿ ಬಳಸುವುದನ್ನು ನಾನು ಕಂಡಿದ್ದೇನೆ. ಹೊರಗಿನಿಂದ ಬಂದ ಅತಿಥಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಆ ಧೈರ್ಯ. ಕ್ಯಾಪ್ಟನ್‌ಗೆ ನಿಜ ಗೊತ್ತಿತ್ತೋ ಇಲ್ಲವೋ. ಗೊತ್ತಿಲ್ಲದಿದ್ದರೂ ‘ಅಡುಗೆಮನೆಯಲ್ಲಿ ಕೇಳಿ ಬರುತ್ತೇನೆ ಅಮ್ಮ’ ಎನ್ನುವುದಕ್ಕೆ ಏನೂ ಖರ್ಚಿರಲಿಲ್ಲ.

ಹೋಂಸ್ಟೇ ಕಕ್ಕಬ್ಬೆ
14 ಮೇ 2025

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಅಂಥ ಜಾಗಗಳಲ್ಲಿ ನಮ್ಮ ಮನೆಯ ರುಚಿ ಹುಡುಕಿಕೊಂಡು ಹೋಗುವುದೇ ಸರಿಯಲ್ಲ. ಅವರ ಅಡುಗೆ ಪ್ರವಾಸಿಗರಿಗಾಗಿ, ಖಾರ ಹುಳಿ ಎಲ್ಲವೂ ಅವರ ನಾಲಗೆಯ ಅಳತೆಗೆ. ತಲೆಗೆ 1,800 ಕೊಡುವ ಬದಲು ಮನೆಯಂಗಳದಲ್ಲಿ ಚಪ್ಪರ ಹಾಕಿ, ಊರಿನ ಅಡುಗೆಯವರನ್ನು ಕರೆಸಿದ್ದರೆ ಅದೇ ಹಣದಲ್ಲಿ ಐವತ್ತು ಜನ ಹೊಟ್ಟೆ ತುಂಬ ಉಣ್ಣುತ್ತಿದ್ದರು, ತಂದೆಯವರು ಮೆಟ್ಟಿಲೂ ಹತ್ತಬೇಕಿರಲಿಲ್ಲ. ಕ್ಷಮೆ, ದೂರು ಎಂದು ತಿಂಗಳುಗಟ್ಟಲೆ ಮನಸ್ಸು ಕೆಡಿಸಿಕೊಳ್ಳುವುದಕ್ಕಿಂತ ಬಿಟ್ಟುಬಿಡಿ.

ಬೆಟ್ಟದ ನೆಲ್ಲಿ
15 ಮೇ 2025

ವಕೀಲರಿಗೂ ಅಡುಗೆಮನೆ ಬಾಗಿಲು ಅವರಿಗೂ ತುಂಬ ಕೃತಜ್ಞತೆ. ಸೇವಾ ಶುಲ್ಕದ ಮೇಲಿನ ತೆರಿಗೆಯ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಕೆಒಟಿ ಎಂಬ ಚೀಟಿಯ ವಿಷಯವೂ ಈಗಲೇ ತಿಳಿದದ್ದು.

ಕಕ್ಕಬ್ಬೆಯವರೇ, ನೀವು ಹೇಳಿದ ಚಪ್ಪರದ ಊಟವನ್ನೇ ಅಪ್ಪ ಕೂಡ ಹೇಳಿದ್ದರು. ನಾನು ಒಪ್ಪದೆ ಇದ್ದುದಕ್ಕೆ ಕಾರಣವಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವನೂ ನಾನೂ ಬಸ್ಸಿನಲ್ಲಿ ಹೋಗುವಾಗ ಆ ಗೇಟಿನ ಮುಂದೆ ಹಾದು ಹೋಗುತ್ತಿದ್ದೆವು. ಮಳೆಗಾಲದ ಸಂಜೆ, ಮಂಜಿನಲ್ಲಿ ಒಳಗಿನ ದೀಪಗಳು ಮಾತ್ರ ಕಾಣುತ್ತಿದ್ದವು. ಒಂದು ದಿನ ಅವ್ವ ಕಿಟಕಿಯ ಗಾಜು ಒರೆಸಿ ನೋಡಿ, ‘ಒಳಗೆ ಹೇಗಿರುತ್ತದೋ’ ಎಂದಿದ್ದರು. ಅವ್ವ ಬೇರೆ ಏನನ್ನೂ ಹಾಗೆ ಆಸೆಯಿಂದ ನೋಡಿದ್ದು ನನಗೆ ನೆನಪಿಲ್ಲ. ಐವತ್ತು ವರ್ಷ ಮನೆಗೆ ಬಂದ ಕೆಲಸದವರಿಗೆ, ನೆಂಟರಿಗೆ, ನಮಗೆ ಬಡಿಸಿದವರು. ಚಪ್ಪರ ಹಾಕಿದ್ದರೆ ಅಂದೂ ಅಡುಗೆಯವರ ಹಿಂದೆ ಸೌಟು ಹಿಡಿದು ನಿಲ್ಲುತ್ತಿದ್ದರು. ಅವರು ಕುಳಿತುಕೊಳ್ಳಬೇಕು, ಬೇರೆಯವರು ಅವರಿಗೆ ಬಡಿಸಬೇಕು, ಅಷ್ಟೇ ನನ್ನ ಆಸೆ ಇದ್ದದ್ದು.

ಅಲ್ಲಿ ಮನೆಯ ರುಚಿ ಸಿಗಬೇಕೆಂದೂ ನಾನು ಹೋದವಳಲ್ಲ. ರುಚಿ ಬೇರೆಯಾಗಿದ್ದರೆ ಅವ್ವ ‘ಇವರದು ಹೀಗೆ’ ಎಂದು ಉಂಡು ಏಳುತ್ತಿದ್ದರು. ಅವರು ಕಾಚಂಪುಳಿ ಹಾಕುತ್ತೇವೆ ಎಂದು ಬರೆದು ಕೊಟ್ಟಿದ್ದಾರೆ. ಹಾಕಲಿಲ್ಲ. ಕೇಳಿದವರಿಗೆ ನಿಮಗೆ ಗೊತ್ತಿಲ್ಲ ಎಂದರು. ಇದನ್ನು ಬಿಟ್ಟುಬಿಡಲು ನನ್ನಿಂದ ಆಗುವುದಿಲ್ಲ. ಕೂರ್ಗ್ ಊಟ ಎಂದು ಬೋರ್ಡು ಹಾಕಿ ಹಣ ಮಾಡುವ ಜಾಗದಲ್ಲಿ, ಆ ಊಟವನ್ನು ಉಳಿಸಿಕೊಂಡು ಬಂದ ಹೆಂಗಸಿಗೇ ಅದು ಗೊತ್ತಿಲ್ಲ ಎಂದರೆ ಮತ್ತೆ ಯಾರಿಗೆ ಗೊತ್ತಿದೆ?

ಪತ್ರ ಇವತ್ತು ರಾತ್ರಿ ಬರೆಯುತ್ತೇನೆ.

ನಾಪೋಕ್ಲು ಅಜ್ಜಿ
16 ಮೇ 2025

ಮೊಮ್ಮಗ ಓದಿ ಹೇಳಿದ, ನಾನು ಹೇಳಿದ್ದನ್ನು ಅವನೇ ಬರೆಯುತ್ತಿದ್ದಾನೆ.

ಮಗಳೇ, ನಿನ್ನ ಅವ್ವನಿಗೆ ಹೇಳು, ಅವರ ನಾಲಗೆ ಸರಿಯಾಗಿಯೇ ಇದೆ. ಕಾಚಂಪುಳಿ ಮಾಡುವುದು ಎಷ್ಟು ಕಷ್ಟ ಎಂದು ಆ ಹುಡುಗನಿಗೆ ತಿಳಿದಿರಲಾರದು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹಣ್ಣು ಉದುರುತ್ತದೆ. ಜಿಗಣೆ ಕಚ್ಚಿಸಿಕೊಂಡು ಮರದ ಬುಡದಲ್ಲಿ ಹೆಕ್ಕಿ ತರಬೇಕು. ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆ ಇಟ್ಟರೆ ಹಣ್ಣು ಕೊಳೆಯುತ್ತ ದಿನಗಟ್ಟಲೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಒಲೆಯ ಮೇಲಿಟ್ಟು ಬತ್ತಿಸಬೇಕು. ಒಂದು ದೊಡ್ಡ ಪಾತ್ರೆ ರಸ ಇಳಿದು ಇಳಿದು ಒಂದೆರಡು ಬಾಟಲಿಗೆ ಬರುತ್ತದೆ. ಸರಿಯಾಗಿ ಕಾಯಿಸಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ನಾನು ಮದುವೆಯಾಗಿ ಬಂದಾಗ ಅತ್ತೆ ಮೊದಲು ನನ್ನ ಕೈಗೆ ಕೊಟ್ಟದ್ದು ಅಡುಗೆಮನೆಯ ಮೂಲೆಯಲ್ಲಿದ್ದ ಕಾಚಂಪುಳಿ ಭರಣಿಯನ್ನು.

ಪತ್ರ ಬರೆ, ಬೇಡ ಎನ್ನುವುದಿಲ್ಲ. ಬರೆಯುವ ಮೊದಲು ಅವ್ವನನ್ನು ಕೇಳಿದ್ದೀಯಾ? ಕ್ಷಮೆ ಅವರಿಗೆ ಬೇಕು ಎಂದು ನೀನು ಹೇಳುತ್ತಿದ್ದೀಯೆ. ಅವರಿಗೆ ಏನು ಬೇಕು ಎಂದು ಅವರ ಬಾಯಿಂದಲೇ ಕೇಳು.

ಬೆಟ್ಟದ ನೆಲ್ಲಿ
9 ಜೂನ್ 2025

ತಡವಾಗಿ ಬರೆಯುತ್ತಿದ್ದೇನೆ. ಈ ಬಾರಿ ಮಳೆ ಮೇ ತಿಂಗಳಲ್ಲೇ ಹಿಡಿಯಿತು. ಚೇರಂಬಾಣೆಯಲ್ಲಿ ಒಂದು ವಾರ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ.

ಅಜ್ಜಿ, ನಿಮ್ಮ ಮಾತು ಕೇಳಿ ಬರೆದಿಟ್ಟ ಪತ್ರವನ್ನು ಕಳಿಸದೆ ನಿಲ್ಲಿಸಿದೆ. ಮರುದಿನ ಶನಿವಾರ ಊರಿಗೆ ಹೋಗಿ ಅವ್ವನನ್ನು ಕೇಳಿದೆ. ಅವರು ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ತಟ್ಟೆ ತೆಗೆಯಲು ಬಂದ ಆ ಹುಡುಗನನ್ನು ಯಾರೂ ಬೈಯಬಾರದು. ಅವನು ತೆಗೆಯದೆ ನಿಂತಿದ್ದ, ನಾನು ನೋಡಿದೆ’ ಎಂದರು. ಮತ್ತೇನು ಬೇಕು ಎಂದೆ. ‘ಕಾಚಂಪುಳಿ ಹಾಕಿರಲಿಲ್ಲ ಎಂದು ಅವರು ಒಪ್ಪಿಕೊಳ್ಳಲಿ. ನನ್ನ ಹತ್ತಿರ ಕ್ಷಮೆ ಕೇಳಿ ಏನಾಗಬೇಕು? ಹಾಕಿರಲಿಲ್ಲ ಎಂದರೆ ಸಾಕು’ ಎಂದರು. ನಾನು ನಾಲ್ಕು ದಿನ ಯೋಚಿಸಿ ಬರೆದದ್ದಕ್ಕಿಂತ ಅದು ಸರಿಯಾಗಿತ್ತು. ಪತ್ರವನ್ನು ಮತ್ತೆ ಬರೆದೆ. ಒಂದೂವರೆ ಪುಟ. ಮೊದಲ ಸಾಲಿನಲ್ಲೇ ಹುಡುಗರ ಮೇಲೆ ದೂರಿಲ್ಲ ಎಂದೆ. ಮೇಜು, ಮೆಟ್ಟಿಲು, ಸಮಯ, ಬಿಲ್ಲು, ಸಂದೇಶದ ಪ್ರತಿ. ಕೊನೆಯಲ್ಲಿ, ಅಂದಿನ ಪಂದಿಕರಿಗೆ ಯಾವ ಹುಳಿ ಹಾಕಿದ್ದಿರಿ ಎಂಬುದಕ್ಕೆ ನನ್ನ ತಾಯಿಗೆ ನೇರವಾಗಿ ಉತ್ತರ ಕೊಡಿ ಎಂದು ಕೇಳಿದೆ.

ಹತ್ತು ದಿನ ಏನೂ ಇಲ್ಲ. ಹನ್ನೊಂದನೆಯ ದಿನ ಜನರಲ್ ಮ್ಯಾನೇಜರ್ ಫೋನ್ ಮಾಡಿದರು. ಕೆಒಟಿ ತೆಗೆಸಿ ನೋಡಿದ್ದಾರೆ. ತಡವಾದದ್ದು ನಿಜ ಎಂದರು. ಕೆಳಗಿನ ಮೇಜನ್ನು ತಮ್ಮಲ್ಲೇ ತಂಗಿದ್ದ ಅತಿಥಿಗಳಿಗೆ ಕೊಟ್ಟುಬಿಟ್ಟಿದ್ದರಂತೆ. ಸೇವಾ ಶುಲ್ಕವೂ ಅದರ ತೆರಿಗೆಯೂ ಸೇರಿ 2,974 ರೂಪಾಯಿ ಈಗ ನನ್ನ ಖಾತೆಗೆ ಬಂದಿದೆ. ಅಪ್ಪ-ಅವ್ವನನ್ನು ಮತ್ತೊಮ್ಮೆ ಊಟಕ್ಕೆ ಕರೆದರು, ಹಣ ಬೇಡ ಎಂದರು. ಅದನ್ನು ಅಪ್ಪನೇ ಬೇಡವೆಂದರು.

ಕಾಚಂಪುಳಿಯ ಮಾತು ಬಂದಾಗ ಅವರು ಮೊದಲು ಸುತ್ತಿ ಬಳಸಿ ಮಾತನಾಡಿದರು. ನಾನು ಫೋನನ್ನು ಅವ್ವನ ಕೈಗೆ ಕೊಟ್ಟೆ. ಅವ್ವ ಅಂದು ಕೇಳಿದ್ದನ್ನೇ ಕೇಳಿದರು: ‘ಕಾಚಂಪುಳಿ ಮುಗಿದಿತ್ತೇನಪ್ಪ?’ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬಳಿಕ ಅವರು, ‘ಹೌದಮ್ಮ, ಆ ವಾರ ಮುಗಿದಿತ್ತು. ವಿನೆಗರ್ ಹಾಕಿದ್ದರು. ನೀವು ಹೇಳಿದ್ದೇ ಸರಿ’ ಎಂದರು. ಅವ್ವ ‘ಆಯಿತಪ್ಪ’ ಎಂದು ಫೋನನ್ನು ನನಗೆ ಕೊಟ್ಟು, ಸೌದೆ ನೆನೆಯುತ್ತದೆ ಎಂದು ಹೊರಗೆ ಹೋದರು. ಅವರು ಹಿಂದಿರುಗಿ ಬಂದಾಗ ಅಪ್ಪ ಏನೋ ಹೇಳಿ ನಗಿಸುತ್ತಿದ್ದರು. ನಾನು ಇನ್ನೂ ಫೋನಿನಲ್ಲಿದ್ದೆ, ಸರಿಯಾಗಿ ಕೇಳಿಸಲಿಲ್ಲ.

ಕ್ಯಾಪ್ಟನ್ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ತಟ್ಟೆ ತೆಗೆಯಲು ಬಂದ ಆ ಹುಡುಗ ಅಲ್ಲಿಯೇ ಕೆಲಸದಲ್ಲಿದ್ದಾನೆ ಎಂಬುದನ್ನು ಮಾತ್ರ ಕೇಳಿ ತಿಳಿದುಕೊಂಡೆ.

ಬರುವ ಭಾನುವಾರ ಮನೆಯಲ್ಲೇ ಊಟ. ಅದೇ ಹದಿನಾಲ್ಕು ಜನ. ಅಡುಗೆ ಅಣ್ಣನದೂ ನನ್ನದೂ, ಅವ್ವ ಒಲೆಯ ಹತ್ತಿರ ಬರುವಂತಿಲ್ಲ ಎಂದು ಅಪ್ಪ ಈಗಾಗಲೇ ಹೇಳಿಯಾಗಿದೆ. ನಾಪೋಕ್ಲು ಅಜ್ಜಿ, ನಿಮ್ಮಲ್ಲಿ ಒಂದು ಕೇಳಿಕೆ. ನಮ್ಮ ಮನೆಯ ಕಾಚಂಪುಳಿ ಬಾಟಲಿಯಲ್ಲಿ ಇನ್ನು ಎರಡು ಚಮಚ ಉಳಿದಿರಬಹುದು, ಹೊಸದಕ್ಕೆ ಕಕ್ಕಡದವರೆಗೆ ಕಾಯಬೇಕು. ನಿಮ್ಮಲ್ಲಿ ಹಳೆಯದು ಇದ್ದರೆ ಅರ್ಧ ಬಾಟಲಿ ಕೊಡುತ್ತೀರಾ? ಬೆಲೆ ಹೇಳಿ. ಶುಕ್ರವಾರ ಮಡಿಕೇರಿ ಸಂತೆಗೆ ಬರುತ್ತೇನೆ.

ನಾಪೋಕ್ಲು ಅಜ್ಜಿ
9 ಜೂನ್ 2025

ಇದೆ. ಹೋದ ವರ್ಷಕ್ಕಿಂತ ಹಿಂದಿನದು, ಚೆನ್ನಾಗಿ ಮಂದವಾಗಿದೆ. ಶುಕ್ರವಾರ ಮೊಮ್ಮಗನ ಕೈಯಲ್ಲಿ ಕಳಿಸುತ್ತೇನೆ. ಹನ್ನೊಂದು ಗಂಟೆಗೆ ಸಂತೆಯ ಬಳಿ ಇರುತ್ತಾನೆ. ಬೆಲೆಯ ಮಾತು ಬೇಡ, ಬಾಟಲಿ ಮಾತ್ರ ಹಿಂದಿರುಗಿಸು. ಮೂರು ಕಿಲೋ ಮಾಂಸಕ್ಕೆ ಮೂರು ಚಮಚ ಸಾಕು, ಇದು ಗಟ್ಟಿ ಇದೆ. ಇಳಿಸುವ ಸ್ವಲ್ಪ ಮೊದಲು ಹಾಕು, ಮೊದಲೇ ಹಾಕಬೇಡ.